ಬಣ್ಣ ಬಂತು, ಬರೆದವರು ಎಲ್ಲಿ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಯ ಮೇಲಿದ್ದ ಒಂದು ಚಿತ್ರವನ್ನು ಅಳಿಸಬೇಕೆಂದು ಕೈ ಎತ್ತಿದವರಲ್ಲಿ ನಾನೂ ಒಬ್ಬ. ಈ ಲೇಖನದಲ್ಲಿ ನಾನು ಯಾರನ್ನು ಬೈದರೂ ಆ ಸಾಲಿನಲ್ಲಿ ನನ್ನ ಹೆಸರನ್ನೂ ಸೇರಿಸಿಕೊಂಡು ಓದಿ.

ಡೊಂಬಿವಲಿ ಪೂರ್ವದಲ್ಲಿ ನಮ್ಮದು ಹಳೆಯ ಕಟ್ಟಡ. ಮುಂಬ್ರಾದಲ್ಲಿ ಲೋಕಲ್ ರೈಲಿನಿಂದ ಜನ ಬಿದ್ದರಲ್ಲ, ಅದೇ 2025ರ ಮಳೆ ಮುಗಿದ ಮೇಲೆ ಗೋಡೆಗೆ ಬಣ್ಣ ಹೊಡೆಸುವ ಮಾತು ಬಂತು. ಪಕ್ಕದ ಸೊಸೈಟಿಯವರು 'ವಾರ್ಲಿ' ಮಾಡಿಸಿದ್ದರು, ನಮಗೂ ವಾರ್ಲಿಯೇ ಬೇಕಾಯಿತು. ಕಮಿಟಿಯಲ್ಲಿದ್ದ ನಾನೇ ಮೊಬೈಲಿನಲ್ಲಿ ಹುಡುಕಿ ನಾಲ್ಕು ಚಿತ್ರ ಇಳಿಸಿ ಕಂತ್ರಾಟುದಾರನಿಗೆ ವಾಟ್ಸಾಪ್ ಮಾಡಿದೆ. ಸುತ್ತಿಕೊಂಡು ಕುಣಿಯುವ ಜನ, ಎತ್ತಿನ ಗಾಡಿ, ನವಿಲು, ತಾಳೆಮರ. ಅವು ಯಾರು ಬರೆದ ಚಿತ್ರಗಳು ಎಂದು ನಾನು ನೋಡಲೂ ಇಲ್ಲ.

ಬರೆಯಲು ಬಂದವನು ಯಾದಗಿರಿ ಕಡೆಯ ಹುಡುಗ. ಮೊಬೈಲಿನಲ್ಲಿ ನಾನು ಮನೆಯವರೊಡನೆ ಕನ್ನಡ ಆಡಿದ್ದು ಕೇಳಿ ಅವನ ಮುಖ ಅರಳಿತು. ಕಟ್ಟಡಕ್ಕೆ ಬಣ್ಣ ಹೊಡೆಯುವ ಕೂಲಿಗೆಂದು ಅಪ್ಪನ ಜೊತೆ ಬಂದವನಂತೆ. ಚಿತ್ರ ಎಲ್ಲಿ ಕಲಿತೆ ಎಂದು ಕೇಳಿದೆ. "ಎಲ್ಲೀ ಕಲ್ತಿಲ್ರಿ ಸರ. ಗ್ವಾಡಿ ಮ್ಯಾಲ ನೋಡಿ ನೋಡಿ ಬಂತು," ಅಂದ. ನಾಲ್ಕು ದಿನದಲ್ಲಿ ಗೋಡೆ ತುಂಬಿತು. ಗೇಟಿನ ಪಕ್ಕ ಎರಡು ಮಾರು ಜಾಗ ಉಳಿದಿತ್ತು. ಐದನೆಯ ದಿನ ಬೆಳಿಗ್ಗೆ ನೋಡಿದರೆ ಅಲ್ಲಿ ನಾವು ಕೊಡದ ಚಿತ್ರವೊಂದು ಇತ್ತು.

ಉದ್ದನೆಯ ಡಬ್ಬಿಯಂಥ ರೈಲು. ಬಾಗಿಲಲ್ಲಿ ಅದೇ ವಾರ್ಲಿಯ ತ್ರಿಕೋನದ ಮನುಷ್ಯರು ಜೇನುಗೂಡಿನ ಹಾಗೆ ಕಚ್ಚಿಕೊಂಡಿದ್ದಾರೆ. ಒಬ್ಬ ಮಾತ್ರ ಹೊರಗೆ, ರೈಲಿಗೂ ಕಂಬಕ್ಕೂ ನಡುವೆ. ಹೆಗಲಲ್ಲಿ ಬ್ಯಾಗು, ಎರಡೂ ಕೈ ಖಾಲಿ. ಹಿಡಿದದ್ದು ಕೈ ಬಿಟ್ಟ ಗಳಿಗೆ.

ಸಂಜೆಯೇ ಕಮಿಟಿ ಕೂತಿತು. ಒಬ್ಬರು ಅಪಶಕುನ ಎಂದರು. ಇನ್ನೊಬ್ಬರು ಫ್ಲ್ಯಾಟು ನೋಡಲು ಬಂದವರು ಗೇಟಿನಿಂದಲೇ ವಾಪಸು ಹೋಗುತ್ತಾರೆ ಎಂದರು. ಮಕ್ಕಳು ಹೆದರುತ್ತಾರೆ ಎಂದರು ಮತ್ತೊಬ್ಬರು. ಮಕ್ಕಳು ಹೆದರುವುದಿಲ್ಲ, ಅವರ ಅಪ್ಪ ಅಮ್ಮಂದಿರು ದಿನಾ ಅದೇ ಬಾಗಿಲಲ್ಲಿ ನಿಂತು ಹೋಗುವವರು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕೈ ಎತ್ತಿದೆ. ಮರುದಿನ ಅದೇ ಹುಡುಗ ಪ್ರೈಮರ್ ಬಳಿದು ಅದರ ಮೇಲೆ ಒಂದು ತಾಳೆಮರ ನಿಲ್ಲಿಸಿದ. ಹೋಗುವಾಗ ನನ್ನನ್ನು ಕೇಳಿದ: "ತಪ್ಪಾತೇನ್ರಿ ಸರ? ಇದೊಂದು ನಂದು ಇರ್ಲಿ ಅಂತ ಬರದೆ. ನೀವೂ ದಿನಾ ಅದ್ರಾಗ ಹೋಗ್ತೀರಲ್ರಿ." ಹೆಚ್ಚಿಗೆ ಬಳಿದ ಬಣ್ಣಕ್ಕೆಂದು ಕಂತ್ರಾಟುದಾರ ಒಂದು ದಿನದ ಕೂಲಿ ಹಿಡಿದುಕೊಂಡ ಎಂದು ಆಮೇಲೆ ವಾಚ್‌ಮನ್ ಹೇಳಿದ.

ಅಂದಿನಿಂದ ನನಗೆ ಗೋಡೆ ನೋಡುವ ಚಟ ಹಿಡಿದಿದೆ. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಹಿಡಿದು ಐರೋಲಿ. ರಜೆಯ ದಿನ ವಾಶಿ, ನೆರೂಳ್, ಬೇಲಾಪುರ, ಆಚೆ ಕಲ್ಯಾಣ. ಎಲ್ಲ ಕಡೆ ಗೋಡೆಗೆ ಬಣ್ಣ ಬಂದಿದೆ. ಮೇಲ್ಸೇತುವೆಯ ಕಂಬಕ್ಕೆ, ಶಾಲೆಯ ಕಾಂಪೌಂಡಿಗೆ, ಪಂಪ್‌ಹೌಸಿಗೆ, ಸಾರ್ವಜನಿಕ ಶೌಚಾಲಯಕ್ಕೆ. 2016ರಲ್ಲಿ ಕೇಂದ್ರ ಸರ್ಕಾರದ 'ಸ್ವಚ್ಛ ಸರ್ವೇಕ್ಷಣ್' ಶುರುವಾದ ಮೇಲೆ ಊರುಗಳಿಗೆ ಅಂಕ ಬಂತು, ಅಂಕದ ಜೊತೆ ಬಣ್ಣವೂ ಬಂತು. ನಾನು ನೋಡಿದ ಗೋಡೆಗಳಲ್ಲಿ ಎರಡು ಸಂಗತಿ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಒಂದು, ಬರೆದವನ ಹೆಸರು. ಎರಡು, ಈ ಊರಿನಲ್ಲಿ ಬದುಕುವವರ ಬದುಕು.

ನವಿ ಮುಂಬೈಯ ಗೋಡೆಗಳಲ್ಲಿ ಫ್ಲೆಮಿಂಗೊಗಳು ಗುಲಾಬಿ ಬಣ್ಣದಲ್ಲಿ ಒಂಟಿ ಕಾಲಲ್ಲಿ ನಿಂತಿವೆ. ಆ ಊರು ತನ್ನನ್ನು ಫ್ಲೆಮಿಂಗೊ ನಗರ ಎಂದು ಕರೆದುಕೊಳ್ಳುತ್ತದೆ. 2024ರ ಬೇಸಿಗೆಯಲ್ಲಿ ನೆರೂಳಿನ ಡಿಪಿಎಸ್ ಕೆರೆಗೆ ಖಾರಿಯ ಉಬ್ಬರದ ನೀರು ಬರುವ ದಾರಿ ಕಟ್ಟಿಹೋಗಿ ಕೆರೆ ಒಣಗಿತು, ಆ ಸುತ್ತಿನಲ್ಲಿ ಹಲವು ಫ್ಲೆಮಿಂಗೊಗಳು ಸತ್ತವು. ಅದೇ ಮೇ 20ರ ರಾತ್ರಿ ಘಾಟ್ಕೋಪರದ ಬಳಿ ವಿಮಾನಕ್ಕೆ ಬಡಿದು 30ಕ್ಕೂ ಹೆಚ್ಚು ಹಕ್ಕಿಗಳು ಉದುರಿದವು. ಮುಂದಿನ ವರ್ಷ ಆ ಕೆರೆಯನ್ನು ಕಾಯ್ದಿಡುವ ತೀರ್ಮಾನ ಆಯಿತು, ನಿಜ. ಆದರೆ ಅದಕ್ಕಾಗಿ ಕೂಗಿದವರು ಪರಿಸರದ ಕೆಲಸದ ಜನ. ಗೋಡೆಯ ಮೇಲಿನ ಹಕ್ಕಿಗಳು ಆ ಬೇಸಿಗೆಯಲ್ಲೂ ಹೊಳೆಯುತ್ತಲೇ ಇದ್ದವು.

ಗುಲಾಬಿ ನಮ್ಮ ಡೊಂಬಿವಲಿಗೂ ಬಂದಿತ್ತು. 2020ರ ಫೆಬ್ರುವರಿಯಲ್ಲಿ ಎಂಐಡಿಸಿಯ ಒಂದು ರಸ್ತೆ ರಾಸಾಯನಿಕದಿಂದ ಗುಲಾಬಿಯಾಗಿ ಪತ್ರಿಕೆಗಳಲ್ಲಿ ಬಂತು. ಅದಕ್ಕೂ ಮುಂಚೆ 2014ರಲ್ಲಿ ಹಸಿರು ಮಳೆ ಬಿದ್ದಿತ್ತು. 2016ರ ಮೇ 26 ಮತ್ತು 2024ರ ಮೇ 23ರಂದು ಅದೇ ಕೈಗಾರಿಕಾ ಪ್ರದೇಶದಲ್ಲಿ ಸ್ಫೋಟವಾಗಿ ಎರಡು ಸಲವೂ ಹತ್ತು ಹತ್ತಕ್ಕಿಂತ ಹೆಚ್ಚು ಜನ ಸತ್ತರು. 2018ರ ಮಳೆಗಾಲದಲ್ಲಿ ಕಲ್ಯಾಣದ ರಸ್ತೆಗುಂಡಿಗಳು ಹಲವರನ್ನು ತಿಂದವು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ತುಂಬಿದ ಲೋಕಲ್‌ನಿಂದ ಜನ ಕೆಳಗೆ ಬಿದ್ದರು, ಕನಿಷ್ಠ ನಾಲ್ವರು ಸತ್ತರು. ಇವು ಈ ಊರುಗಳ ಚರಿತ್ರೆ. ಇದರ ಒಂದು ಗೆರೆ ಯಾವ ಗೋಡೆಯ ಮೇಲಿದೆ ಹೇಳಿ. ಇದ್ದದ್ದು ಒಂದು, ನಮ್ಮ ಗೇಟಿನ ಪಕ್ಕ, ಒಂದೇ ದಿನ. ಅದನ್ನು ನಾವು ಅಳಿಸಿದೆವು.

ಈಗ ನಾವು ಇಳಿಸಿಕೊಂಡ ಆ ನಾಲ್ಕು ಚಿತ್ರಗಳಿಗೆ ಬರೋಣ. ಹುಡುಗನದ್ದನ್ನು ಅಳಿಸಿ ಉಳಿಸಿಕೊಂಡದ್ದು ಯಾರದ್ದು?

ವಾರ್ಲಿಗಳು ಇದೇ ಠಾಣೆ ಜಿಲ್ಲೆಯ ಆದಿವಾಸಿಗಳು. 2014ರ ಆಗಸ್ಟ್ 1ರಂದು ಪಾಲಘರ್ ಬೇರೆ ಜಿಲ್ಲೆಯಾದ ಮೇಲೆ ಹೆಚ್ಚಿನ ವಾರ್ಲಿ ಹಳ್ಳಿಗಳು ಆ ಕಡೆ ಹೋದವು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ತುದಿ ಜಗಿದ ಬಿದಿರುಕಡ್ಡಿಯೇ ಕುಂಚ. ಮದುವೆಗೆ ಮುತ್ತೈದೆಯರು ಗೋಡೆಯ ಮೇಲೆ 'ಚೌಕ' ಬರೆಯಬೇಕು, ನಡುವೆ ಪಾಲಘಟ ದೇವಿ. ಆ ಚೌಕ ಇಲ್ಲದೆ ಮದುವೆ ಇಲ್ಲ. ಅದು ಹೆಂಗಸರ ಕೆಲಸವಾಗಿತ್ತು. ಅದನ್ನು ದಿನವೂ, ಮದುವೆ ಇರಲಿ ಬಿಡಲಿ, ಬರೆಯಲು ಹೊರಟ ಗಂಡಸು ಜೀವ್ಯಾ ಸೋಮಾ ಮಾಶೆ. 1934ರಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗಲೇ ತಾಯಿ ಸತ್ತು ಮಾತು ನಿಂತುಹೋಯಿತು, ಹೇಳಬೇಕಾದ್ದನ್ನೆಲ್ಲ ಮಣ್ಣಿನಲ್ಲಿ ಗೀಚಿ ತೋರಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಭಾಸ್ಕರ ಕುಲಕರ್ಣಿ ಎಂಬವರು ಆ ಹಳ್ಳಿಗಳಿಗೆ ಹೋಗಿ ಅವರ ಚಿತ್ರಗಳನ್ನು ಹೊರಗೆ ತಂದರು. 1976ರಲ್ಲಿ ರಾಷ್ಟ್ರಪ್ರಶಸ್ತಿ, 1989ರಲ್ಲಿ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ದೊಡ್ಡ ಪ್ರದರ್ಶನದಲ್ಲಿ ಜಾಗ, 2011ರಲ್ಲಿ ಪದ್ಮಶ್ರೀ. 2018ರ ಮೇ ತಿಂಗಳಲ್ಲಿ ತೀರಿಕೊಂಡರು. ನಮ್ಮ ಗೋಡೆಯ ಸುತ್ತು ಕುಣಿತ, ನಡುವೆ ತಾರಪಾ ವಾದ್ಯ ಊದುವವನು, ಇವೆಲ್ಲ ಅವರೂ ಅವರ ಜನರೂ ಜಗತ್ತಿಗೆ ಕೊಟ್ಟ ಚಿತ್ರಗಳು. ನಾನು ಪುಕ್ಕಟೆ ಇಳಿಸಿಕೊಂಡೆ.

ಇನ್ನೊಂದು ಮಾತು ನಮ್ಮ ಕಮಿಟಿಗೆ ಗೊತ್ತಿರಲಿಲ್ಲ, ನನಗೂ ಇತ್ತೀಚಿನ ತನಕ ಗೊತ್ತಿರಲಿಲ್ಲ. ಆ ಮದುವೆಯ ಚೌಕದ ಹಿಂದೆ ಒಂದು ಸಾಲ ಇತ್ತು. ಮದುವೆಗೆಂದು ಜಮೀನ್ದಾರನಿಂದ ದುಡ್ಡು ತಂದ ವಾರ್ಲಿ ಗಂಡ ಹೆಂಡತಿ ಅದು ತೀರುವ ತನಕ, ಅಂದರೆ ಸಾಯುವ ತನಕ, ಅವನ ಜೀತಕ್ಕೆ ಬೀಳುತ್ತಿದ್ದರು. ಅಂಥವರನ್ನು 'ಲಗ್ನಗಡಿ' ಎನ್ನುತ್ತಿದ್ದರು. 1945ರ ಜನವರಿಯಲ್ಲಿ ನಮ್ಮ ಕಲ್ಯಾಣದ ಮಗ್ಗುಲಿನ ಟಿಟ್ವಾಲಾದಲ್ಲಿ ರೈತರ ಸಮ್ಮೇಳನ ನಡೆಯಿತು. ಅಲ್ಲಿಂದ ಹೊರಟ ಕಿಡಿ ತಲಾಸರಿ, ಡಹಾಣು ಕಡೆ ವಾರ್ಲಿ ಬಂಡಾಯವಾಯಿತು, ಜೀತ ಮುರಿಯಿತು. ಆ ಬಂಡಾಯದ ಮುಂದಾಳಾಗಿದ್ದ ಗೋದಾವರಿ ಪರುಳೇಕರ್ ಬರೆದ ಮರಾಠಿ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಟಿಟ್ವಾಲಾ ಎಂದರೆ ನಮಗೆ ಗಣಪತಿ ದೇವಸ್ಥಾನ ಮತ್ತು ಬೋರ್ಡಿನ ಮೇಲೆ ಹೊಳೆಯುವ 'ಟಿಎಲ್' ಅಕ್ಷರ. ಗೋಡೆಯ ವಾರ್ಲಿಗಳು ನಮಗೆ ಯಾವಾಗಲೂ ಕುಣಿಯುತ್ತಲೇ ಇರಬೇಕು. ಅವರಿಗೆ ಸಾಲವಿಲ್ಲ, ಜಗಳವಿಲ್ಲ, ರೈಲು ಹಿಡಿಯುವ ಅವಸರವಿಲ್ಲ.

ಇದನ್ನು ಓದುವಾಗ ನನಗೆ ನಾಚಿಕೆಯಾಗಲು ಬೇರೆ ಕಾರಣವಿದೆ. ನಾನು ಸಾಗರದ ಕಡೆಯ ದೀವರ ಮನೆಯವನು. ನಮ್ಮಲ್ಲೂ ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ನಮ್ಮಲ್ಲೂ ಮದುವೆಗೆ ಹಸೆಗೋಡೆಯ ಮೇಲೆ ಚಿತ್ತಾರ ಬರೆಯುವವರು ಹೆಂಗಸರೇ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೆ ಬರೆಯುತ್ತ ಅವ್ವ ರಾತ್ರಿ ದೀಪದ ಬುಡದಲ್ಲಿ ಕೂತಿರುತ್ತಿದ್ದಳು. ನಮ್ಮವರೂ ಗೇಣಿದಾರರೇ. 1951ರಲ್ಲಿ ಗೇಣಿ ಅಳೆಯುವ ಕೊಳಗದ ಜಗಳ ಕಾಗೋಡು ಸತ್ಯಾಗ್ರಹವಾಗಿ, ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದದ್ದನ್ನು ಕೇಳುತ್ತಲೇ ಬೆಳೆದವನು ನಾನು. ಈಗ ಬೆಂಗಳೂರಿನ ರೆಸಾರ್ಟಿನ ಗೋಡೆಯಲ್ಲಿ, ಹೆಸರಿಲ್ಲದೆ, ಸ್ಟಿಕ್ಕರ್ ಆಗಿ ಹಸೆ ಚಿತ್ತಾರ ಕಂಡರೆ ನನ್ನ ರಕ್ತ ಕುದಿಯುತ್ತದೆ. ಡೊಂಬಿವಲಿಯಲ್ಲಿ ಅದೇ ಕೆಲಸವನ್ನು ವಾರ್ಲಿಗಳಿಗೆ ನಾನೇ ಮಾಡಿದೆ.

"ನಿಮ್ಮ ಅವ್ವನೂ ಹೆಸರು ಬರೆಯುತ್ತಿರಲಿಲ್ಲವಲ್ಲ" ಎಂದು ಒಬ್ಬ ಗೆಳೆಯ ಕೇಳಿದ. ಬರೆಯುತ್ತಿರಲಿಲ್ಲ. ಬರೆಯುವ ಅಗತ್ಯವಿರಲಿಲ್ಲ. ಆ ಎಳೆ ಯಾರ ಕೈಯದ್ದು ಎಂದು ಇಡೀ ಕೇರಿಗೆ ಗೊತ್ತಿತ್ತು, ಮುಂದಿನ ಮದುವೆಗೆ ವೀಳ್ಯ ಕೊಟ್ಟು ಅವಳನ್ನೇ ಕರೆಯುತ್ತಿದ್ದರು. ಗುರುತು ಇರುವಲ್ಲಿ ಸಹಿ ಬೇಡ. ಪಕ್ಕದ ಫ್ಲ್ಯಾಟಿನವರ ಹೆಸರು ಗೊತ್ತಿಲ್ಲದ ಊರಿನಲ್ಲಿ ಸಹಿ ಹಾಕದಿದ್ದರೆ ಬರೆದವನು ಇಲ್ಲವೇ ಇಲ್ಲ. ಅವನನ್ನು ಮತ್ತೆ ಕರೆಯುವುದು ಹೇಗೆ? ನನ್ನ ಬಳಿ ಆ ಯಾದಗಿರಿ ಹುಡುಗನ ಫೋನ್ ನಂಬರ್ ಕೂಡ ಇಲ್ಲ.

'ತಾನೇ ಕಲಿತವನು' ಎಂಬ ಮಾತಿನ ಮೇಲೂ ನನಗೆ ತಕರಾರಿದೆ. ಪತ್ರಿಕೆಗಳು ಅದನ್ನು ಹೊಗಳಿಕೆಯಾಗಿ ಬಳಸುತ್ತವೆ, ಕಂತ್ರಾಟುದಾರರು ಕೂಲಿ ಕಡಿಮೆ ಮಾಡಲು ಬಳಸುತ್ತಾರೆ. ಡಿಗ್ರಿ ಇದ್ದವನಿಗೆ ಆರ್ಟಿಸ್ಟ್ ಎಂದು ಸಂಭಾವನೆ, ಇಲ್ಲದವನಿಗೆ ಪೇಂಟರ್ ಎಂದು ದಿನಗೂಲಿ. ಮಾಶೆಯವರೂ ಯಾವ ಕಲಾಶಾಲೆಗೂ ಹೋದವರಲ್ಲ. ಆದರೆ ಅವರಿಗೆ ಕಲಿಸಿದವರಿರಲಿಲ್ಲವೇ? ಮದುವೆಮನೆಯ ಗೋಡೆಯ ಮುಂದೆ ಕೂತ ಆ ಮುತ್ತೈದೆಯರು ಮತ್ತೆ ಯಾರು? ಅವರಲ್ಲಿ ಯಾರಿಗೂ ಪದ್ಮಶ್ರೀ ಬರಲಿಲ್ಲ. ನಮ್ಮ ಹುಡುಗನಿಗೆ ಕಲಿಸಿದ್ದು ಊರಿನ ಗೋಡೆಗಳು, ಅಂದರೆ ಅವನಂಥದೇ ಹೆಸರಿಲ್ಲದ ನೂರು ಕೈಗಳು. ಯಾರೂ ಗಾಳಿಯಿಂದ ಕಲಿಯುವುದಿಲ್ಲ. 'ತಾನೇ ಕಲಿತ' ಎಂದಾಗ ನಾವು ಅವನನ್ನು ಮೇಲೆ ಎತ್ತಿ, ಅವನ ಗುರುಗಳನ್ನೆಲ್ಲ ಅಳಿಸುತ್ತೇವೆ.

ಒಂದು ನ್ಯಾಯವಾದ ಪ್ರಶ್ನೆ ಇದೆ. ಅವನೂ ವಾರ್ಲಿಯನ್ನು ನಕಲು ಹೊಡೆದವನೇ ಅಲ್ಲವೇ? ಹೌದು. ಗೋಡೆಯ ನಾಲ್ಕು ದಿನದ ಕೆಲಸ ನಕಲೇ, ಅದನ್ನು ಮಾಡಿಸಿದ್ದು ನಾವು. ಐದನೆಯ ದಿನದ ಚಿತ್ರ ನಕಲಲ್ಲ. ಕಂಡ ರೇಖೆಯಲ್ಲಿ ಅವನು ತಾನು ಕಂಡದ್ದನ್ನು ಹೇಳಿದ್ದ. ವಾರ್ಲಿಗಳೇ ಈಗ ಮಾಡುತ್ತಿರುವುದೂ ಅದನ್ನೇ. ಡಹಾಣುವಿನ ಗಂಜಾಡಿನ ರಾಜೇಶ್ ವಾಂಗಡ್, ಛಾಯಾಗ್ರಾಹಕಿ ಗೌರಿ ಗಿಲ್ ತೆಗೆದ ಫೋಟೊಗಳ ಮೇಲೆ ವಾರ್ಲಿ ರೇಖೆಯಲ್ಲಿ ತನ್ನ ನೆಲದ ಕತೆ ಬರೆದಿದ್ದಾರೆ. 2013ರಲ್ಲಿ ಶುರುವಾದ ಕೆಲಸ. ಆ ಕೃತಿಗಳಿಗೆ ಇಬ್ಬರ ಹೆಸರೂ ಇದೆ. ವಾರ್ಲಿ ರೇಖೆಗೆ ಇವತ್ತಿನ ಮಾತು ಹೇಳಲು ಬರುತ್ತದೆ. ಕೇಳಿಸಿಕೊಳ್ಳುವ ಗೋಡೆ ಮಾತ್ರ ಇಲ್ಲ.

ಬೀದಿಯ ಚಿತ್ರದಿಂದ ಏನಾಗುತ್ತದೆ ಎಂದು ಕನ್ನಡಿಗರಿಗೆ ಬೇರೆ ಯಾರೂ ಹೇಳಬೇಕಿಲ್ಲ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಬಾದಲ್ ನಂಜುಂಡಸ್ವಾಮಿ ಮೊಸಳೆ ತಂದು ಬಿಟ್ಟರು. 2019ರಲ್ಲಿ ಹೇರೋಹಳ್ಳಿಯ ಕಡೆ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದ ನಟನನ್ನು ನಡೆಸಿ ಚಂದ್ರನ ನೆಲ ತೋರಿಸಿದರು. ಊರೆಲ್ಲ ನಕ್ಕಿತು, ಪಾಲಿಕೆ ಓಡಿಬಂದು ಗುಂಡಿ ಮುಚ್ಚಿತು. ಬಾದಲ್ ಮೈಸೂರಿನ ಕಲಾಶಾಲೆಯಲ್ಲಿ ಕಲಿತವರು, ಹೆಸರಿರುವವರು. ಅವರ ಧೈರ್ಯಕ್ಕೆ ನನ್ನ ನಮಸ್ಕಾರ. ಆದರೆ ನಾವೆಲ್ಲ ಆ ವಿಡಿಯೊ ಹಂಚಿಕೊಂಡೆವಲ್ಲ, ಅದು ಎಂಟುನೂರು, ಸಾವಿರ ಕಿಲೋಮೀಟರ್ ದೂರದ ಗುಂಡಿ ಎಂಬ ಧೈರ್ಯದಿಂದ. ನಮ್ಮದೇ ಗೇಟಿನ ಪಕ್ಕ ಹೆಸರಿಲ್ಲದ ಹುಡುಗ ಅದೇ ಕೆಲಸ ಮಾಡಿದಾಗ ಫ್ಲ್ಯಾಟಿನ ರೇಟು ನೆನಪಾಯಿತು.

ಬಣ್ಣ ಬರುವ ಮುಂಚೆ ಆ ಗೋಡೆಗಳ ಮೇಲೆ ಏನಿತ್ತು ಎಂದು ನೀವು ಕೇಳಬಹುದು. ಪಾನ್ ಉಗುಳು, ಉಚ್ಚೆ, ಕೋಚಿಂಗ್ ಕ್ಲಾಸಿನ ಪೋಸ್ಟರು. ಬಣ್ಣ ಬೇಡ ಎಂದು ನಾನು ಹೇಳುತ್ತಿಲ್ಲ. ಹತ್ತು ತಾಸು ದುಡಿದು ಬರುವವನ ಕಣ್ಣಿಗೆ ಒಂದು ನವಿಲು ಬಿದ್ದರೆ ನನಗೇನೂ ನಷ್ಟವಿಲ್ಲ. ಆದರೆ ಬಣ್ಣ ಬಳಿಯುವುದು ಬೇರೆ, ಚಿತ್ರ ಬರೆಯುವುದು ಬೇರೆ. ಬಳಿಯುವುದಕ್ಕೆ ಗೋಡೆ ಮುಚ್ಚಿದರೆ ಸಾಕು. ಬರೆಯುವುದಕ್ಕೆ ಒಬ್ಬ ಮನುಷ್ಯ ಬೇಕು, ಅವನಿಗೆ ಹೇಳಲು ಏನಾದರೂ ಇರಬೇಕು, ಹೇಳಿದ್ದನ್ನು ನಾವು ಒಂದು ದಿನಕ್ಕಿಂತ ಹೆಚ್ಚು ಸಹಿಸಬೇಕು.

ಹಾಗಾಗಿ ಪಾಲಿಕೆಗಳಿಗೆ ಹೇಳುವ ಮುಂಚೆ ನಮಗೇ ಹೇಳಿಕೊಳ್ಳುತ್ತೇನೆ, ಏಕೆಂದರೆ ಈ ಗೋಡೆಗಳಲ್ಲಿ ಬಹಳಷ್ಟು ನಮ್ಮ ಸೊಸೈಟಿಗಳವು. ಚಿತ್ರ ಬರೆಸಿದರೆ ಕೆಳಗೆ ಬರೆದವನ ಹೆಸರು, ಅವನ ಊರು ಇರಲಿ. ವಾರ್ಲಿಯೇ ಬೇಕಿದ್ದರೆ ಡಹಾಣು ನಮ್ಮಿಂದ ಒಂದು ಹಗಲಿನ ದಾರಿಯೂ ಅಲ್ಲ, ಅಲ್ಲಿಯ ಚಿತ್ರಗಾರರನ್ನೇ ಕರೆದು ಅವರು ಕೇಳಿದ್ದು ಕೊಡೋಣ. ಕೂಲಿಯನ್ನು ಕಂತ್ರಾಟುದಾರನ ಕೈಗಲ್ಲ, ಬರೆದವನ ಕೈಗೆ ಕೊಡೋಣ. ಪ್ರತಿ ಗೋಡೆಯಲ್ಲಿ ಎರಡು ಮಾರು ಜಾಗ ಬರೆಯುವವನ ಇಷ್ಟಕ್ಕೆ ಬಿಡೋಣ.

ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ರಾಜ್ಯೋತ್ಸವಕ್ಕೆ ಊರಿನಿಂದ ಅತಿಥಿ ಕರೆಸುತ್ತೇವೆ, ಉದ್ಯಮಿಗಳಿಗೆ ಶಾಲು ಹೊದಿಸುತ್ತೇವೆ. ಈ ಠಾಣೆ, ನವಿ ಮುಂಬೈಯ ಕಟ್ಟಡಗಳ ಬಿದಿರಿನ ಸಾರುವೆಯ ಮೇಲೆ ನಿಂತು ಬಣ್ಣ ಹೊಡೆಯುವ ಯಾದಗಿರಿ, ಕಲಬುರಗಿ, ವಿಜಯಪುರದ ಹುಡುಗರು ಆಡುವುದೂ ಕನ್ನಡವೇ. ಅವರನ್ನು ನಾವು ಯಾವ ಸಮಾರಂಭಕ್ಕೆ ಕರೆದಿದ್ದೇವೆ? ಸಭಾಂಗಣದ ಹಿಂದಿನ ಪರದೆ ಬರೆದವನ ಹೆಸರು ವಂದನಾರ್ಪಣೆಯಲ್ಲೂ ಬರುವುದಿಲ್ಲ. 'ವಲಸಿಗರ ನೋವು' ಎಂದು ಈ ಪತ್ರಿಕೆಯಲ್ಲೇ ನಾವು ಎಷ್ಟು ಪುಟ ಬರೆದಿಲ್ಲ? ಅದರಲ್ಲಿ ವಲಸಿಗ ಎಂದರೆ ಯಾವಾಗಲೂ ನಾವೇ, ಲ್ಯಾಪ್‌ಟಾಪ್ ಬ್ಯಾಗಿನವರು.

ಮುಂದಿನ ತಿಂಗಳು ನಮ್ಮ ಸೊಸೈಟಿಯ ವಾರ್ಷಿಕ ಸಭೆ. ಗೇಟಿನ ಪಕ್ಕದ ಆ ತಾಳೆಮರ ಅಳಿಸಿ ಜಾಗ ಖಾಲಿ ಬಿಡಬೇಕೆಂದು ಬರೆದು ಕೊಟ್ಟಿದ್ದೇನೆ. ಹುಡುಗನನ್ನು ಹುಡುಕಿಕೊಡು ಎಂದು ಕಂತ್ರಾಟುದಾರನಿಗೆ ಎರಡು ಸಲ ಫೋನ್ ಮಾಡಿದೆ. ಅಂಥವರು ಬಹಳ ಜನ ಬಂದು ಹೋಗುತ್ತಾರೆ, ಯಾರು ಅಂತ ಹೇಳಲಿ ಎಂದ. ನನ್ನ ಪ್ರಸ್ತಾಪ ಬಿದ್ದುಹೋಗುವ ಸಂಭವವೇ ಹೆಚ್ಚು. ಈ ಸಲ ಕೈ ಎತ್ತುವಾಗ ಯಾವ ಕಡೆ ಎತ್ತಬೇಕೆಂದು ಗೊತ್ತಿದೆ, ಅಷ್ಟೆ.

ನಿಮ್ಮ ಬಿಲ್ಡಿಂಗಿಗೆ ಬಣ್ಣ ಹೊಡೆಯಲು ಯಾದಗಿರಿಯ ಕನ್ನಡದ ಹುಡುಗನೊಬ್ಬ ಬಂದರೆ ದಯವಿಟ್ಟು ಅವನ ಹೆಸರು ಕೇಳಿ. ನಾನು ಐದು ದಿನದಲ್ಲಿ ಒಮ್ಮೆಯೂ ಕೇಳಲಿಲ್ಲ.